ಗಡಿಕಲ್ಲಿಗೆ ಹತ್ತು ದಶಮಾಂಶ ಬೇಕೆ?

ಸಂಪಾದಕರಿಗೆ,

ಮಾನ್ಯರೇ,

ನಮ್ಮ ಕೋಲಾರ ಜಿಲ್ಲೆಯ ಕೆರೆಯೊಂದರ ಒತ್ತುವರಿ ತಕರಾರಿನ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ವರದಿಯನ್ನು ಓದಿದೆ. ವರದಿಯ ಜೊತೆಗೆ ಒಂದು ನಕ್ಷೆಯನ್ನೂ, ಅದರ ಕೆಳಗೆ ಕೆರೆಯಂಚಿನ ಗಡಿಕಲ್ಲೊಂದರ ಅಕ್ಷಾಂಶ ರೇಖಾಂಶಗಳನ್ನೂ ಮುದ್ರಿಸಿದ್ದೀರಿ. ಎರಡೂ ಸಂಖ್ಯೆಗಳಲ್ಲಿ ದಶಮಾಂಶ ಚುಕ್ಕಿಯ ಆಚೆ ಹತ್ತು ಹತ್ತು ಅಂಕಿಗಳಿವೆ. ಗ್ರಾಮನಕ್ಷೆ ಈಗ ಕಂಪ್ಯೂಟರಿಗೆ ಸೇರಿರುವುದರಿಂದ ಗಡಿಯ ವಿಷಯದಲ್ಲಿ ಇನ್ನು ವಾದಕ್ಕೆ ಎಡೆಯಿಲ್ಲ ಎಂಬ ಅರ್ಥದ ಮಾತೂ ವರದಿಯ ಕೊನೆಯಲ್ಲಿದೆ. ನಕ್ಷೆಗಳ ಡೇಟಾಬೇಸುಗಳನ್ನು ಕಟ್ಟಿ ನೋಡಿಕೊಳ್ಳುವ ಕೆಲಸದಲ್ಲೇ ಉದ್ಯೋಗದ ಬಹುಪಾಲು ವರ್ಷಗಳನ್ನು ಕಳೆದು ಈಗ ಊರಿಗೆ ಮರಳಿರುವ ನನಗೆ, ಆ ಹತ್ತು ಅಂಕಿಗಳೂ ಈ ಮಾತೂ ಒಂದೇ ತಪ್ಪು ತಿಳಿವಳಿಕೆಯಿಂದ ಹುಟ್ಟಿದವು ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಜಮೀನಿನ ವಿಷಯ ಚುಟುಕಾಗಿ ಮುಗಿಯುವುದು ಅಪರೂಪವೆಂದು ತಾವೂ ಬಲ್ಲಿರಿ.

ಮೊದಲು ಅಂಕಿಗಳ ಲೆಕ್ಕ. ಅಕ್ಷಾಂಶದ ಒಂದು ಡಿಗ್ರಿ ಎಂದರೆ ನೆಲದ ಮೇಲೆ ಸುಮಾರು 111 ಕಿಲೋಮೀಟರ್. ಹಾಗಾಗಿ ದಶಮಾಂಶದ ಐದನೆಯ ಅಂಕಿ ಹೆಚ್ಚುಕಡಿಮೆ ಒಂದು ಮೀಟರನ್ನೂ, ಏಳನೆಯದು ಒಂದು ಸೆಂಟಿಮೀಟರನ್ನೂ ಹೇಳುತ್ತದೆ. ಹತ್ತನೆಯ ಅಂಕಿಗೆ ಬರುವ ಹೊತ್ತಿಗೆ ನಾವು ಮಿಲಿಮೀಟರಿನ ನೂರನೆಯ ಒಂದು ಭಾಗದಲ್ಲಿರುತ್ತೇವೆ. ತಲೆಗೂದಲಿನ ದಪ್ಪವೇ ಅದರ ಹಲವು ಪಟ್ಟು. ಗಡಿಕಲ್ಲು ಒಂದು ಗೇಣಾದರೂ ಅಗಲವಿರುತ್ತದೆ. ಇನ್ನು ಆ ಕಲ್ಲಿನ ಜಾಗವನ್ನು ಮೂಲದಲ್ಲಿ ಗುರುತಿಸಿದ ಸರ್ವೆ ಟಿಪ್ಪಣಿಯನ್ನು ತೆಗೆದು ನೋಡಿದರೆ, ನಮ್ಮ ಕಡೆಯ ಹಳೆಯ ಟಿಪ್ಪಣಿಗಳೆಲ್ಲ ಚೈನು ಮತ್ತು ಆಣೆಯ ಲೆಕ್ಕದಲ್ಲಿವೆ. 33 ಅಡಿಯ ಒಂದು ಚೈನಿಗೆ 16 ಆಣೆ. ಚೈನು ಉದ್ದ, ಚೈನು ಅಗಲದ ನೆಲವೇ ಒಂದು ಗುಂಟೆ. ಅಂಥ 40 ಸೇರಿದರೆ ಒಂದು ಎಕರೆ. ಆಣೆ ಎಂದರೆ ಎರಡು ಅಡಿಯ ಮೇಲೆ ಮುಕ್ಕಾಲು ಅಂಗುಲ, ಇಂದಿನ ಅಳತೆಯಲ್ಲಿ ಸುಮಾರು 63 ಸೆಂಟಿಮೀಟರ್. ಆಣೆಯ ಲೆಕ್ಕದಲ್ಲಿ ಅಳೆದ ಜಾಗವನ್ನು ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಹೇಳಿದಂತಾಯಿತು.

ಇದರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಕಂಪ್ಯೂಟರು ಇಂಥ ಸಂಖ್ಯೆಯೊಂದನ್ನು ಎಂಟು ಬೈಟುಗಳಲ್ಲಿ ಇಡುತ್ತದೆ, ಅದರಲ್ಲಿ 15-16 ಅಂಕಿಗಳಿಗೆ ಜಾಗವಿರುತ್ತದೆ, ನಿಲ್ಲಿಸು ಎಂದು ಹೇಳದಿದ್ದರೆ ಇರುವಷ್ಟನ್ನೂ ಉಗುಳುತ್ತದೆ. ಮೂಲ ಅಳತೆ ಎಷ್ಟು ಒರಟಾಗಿತ್ತು ಎಂಬುದು ಆ ಎಂಟು ಬೈಟುಗಳಲ್ಲಿ ಎಲ್ಲಿಯೂ ಇಲ್ಲ. ಉದ್ದವಾದ ಸಂಖ್ಯೆಯನ್ನು ನಿಖರವಾದ ಸಂಖ್ಯೆಯೆಂದು ಓದಿಕೊಳ್ಳುವ ತಪ್ಪು ನಮ್ಮದು.

ಹಾಗಾದರೆ ಕಂಪ್ಯೂಟರಿನಲ್ಲಿ ಹೊಲವೊಂದು ಹೇಗಿರುತ್ತದೆ? ಡೇಟಾಬೇಸ್ ಎಂದರೆ ಸಾಲು ಮತ್ತು ಕಾಲಂಗಳ ಪಟ್ಟಿ ಎಂಬುದು ಪಹಣಿ ನೋಡಿದವರಿಗೆಲ್ಲ ಗೊತ್ತು: ಸರ್ವೆ ನಂಬರು, ಹಿಸ್ಸಾ, ಖಾತೆದಾರರ ಹೆಸರು, ವಿಸ್ತೀರ್ಣ, ಖರಾಬು, ಕಂದಾಯ. ಭೂಮಿ ಯೋಜನೆಯಲ್ಲಿ ಮೊದಲು ಕಂಪ್ಯೂಟರಿಗೆ ಹೋದದ್ದೂ ಅಕ್ಷರ ಅಂಕಿಗಳ ಈ ಭಾಗವೇ. ಎರಡು ಎಕರೆ ಹತ್ತು ಗುಂಟೆ ಎಂದು ಪಹಣಿ ಹೇಳುತ್ತದೆಯೇ ಹೊರತು ಆ ಎರಡು ಎಕರೆ ಹತ್ತು ಗುಂಟೆ ಎಲ್ಲಿ ಬಾಗಿದೆ, ಎಲ್ಲಿ ಕೆರೆಗೆ ತಾಗಿದೆ ಎಂದು ಹೇಳುವುದಿಲ್ಲ. ಅದನ್ನು ಹೇಳುವುದು ನಕ್ಷೆ. ಆದರೆ ಗ್ರಾಮನಕ್ಷೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇಟ್ಟ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಅದು ಮದುವೆಯ ಫೋಟೊ ಇದ್ದಂತೆ, ನೋಡುವವರಿಗೆ ಯಾರು ಯಾರೆಂದು ತಿಳಿದೀತು, ಫೋಟೊಗೆ ತಿಳಿಯದು. ಸರ್ವೆ ನಂಬರು 42ರ ಪೂರ್ವಕ್ಕೆ ಯಾವುದಿದೆ ಎಂದು ಚಿತ್ರವನ್ನು ಕೇಳಿದರೆ ಉತ್ತರ ಬರುವುದಿಲ್ಲ.

ಉತ್ತರ ಬರಬೇಕಾದರೆ ಹೊಲದ ಮೂಲೆಗಳನ್ನು ಸಂಖ್ಯೆಗಳಾಗಿ, ಕ್ರಮವಾಗಿ ಬರೆದಿಡಬೇಕು. ಬಾವಿಗೆ ಒಂದು ಬಿಂದು ಸಾಕು, ಕಾಲುವೆಗೆ ಬಿಂದುಗಳನ್ನು ಪೋಣಿಸಿದ ಗೆರೆ, ಹೊಲಕ್ಕೂ ಕೆರೆಗೂ ಹೊರಟ ಜಾಗಕ್ಕೇ ಮರಳಿ ಮುಚ್ಚಿಕೊಳ್ಳುವ ಬಹುಭುಜ. ಕೆರೆಯ ನಡುವೆ ನಡುಗಡ್ಡೆ ಇದ್ದರೆ ಹೊರಗಿನ ಸುತ್ತಿನ ಒಳಗೆ ಇನ್ನೊಂದು ಸುತ್ತು ಬರೆದು, ಇದು ಕೆರೆಯಲ್ಲ ಎಂದು ಗುರುತಿಸುತ್ತಾರೆ. ಓಪನ್ ಜಿಯೊಸ್ಪೇಷಿಯಲ್ ಕನ್ಸಾರ್ಷಿಯಂ ಎಂಬ ಸಂಸ್ಥೆ ಇದಕ್ಕೊಂದು ಮಾದರಿ ಹಾಕಿಕೊಟ್ಟಿದ್ದು, ಆರೇಕಲ್, ಮೈಎಸ್‌ಕ್ಯುಎಲ್ ಮುಂತಾದ ಹೆಸರಾಂತ ಡೇಟಾಬೇಸುಗಳೂ, ಕೆನಡಾದ ರಿಫ್ರಾಕ್ಷನ್ಸ್ ರಿಸರ್ಚ್ ಸಂಸ್ಥೆ 2001ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಜೋಡಿಸಿ ಉಚಿತವಾಗಿ ಬಿಟ್ಟ ಪೋಸ್ಟ್‌ಜಿಐಎಸ್ ಕೂಡ ಹೆಚ್ಚುಕಡಿಮೆ ಅದೇ ಮಾದರಿಯನ್ನು ಹಿಡಿದಿವೆ. ಹೆಸರು, ವಿಸ್ತೀರ್ಣಗಳ ಪಕ್ಕದಲ್ಲೇ ಜಿಯೊಮೆಟ್ರಿ ಎಂಬ ಇನ್ನೊಂದು ಕಾಲಂ ಇರುತ್ತದೆ, ಅಷ್ಟೆ. ನಾಲ್ಕು ಮೂಲೆಯ ಹೊಲವೊಂದು ಆ ಮಾದರಿಯಲ್ಲಿ 93 ಬೈಟುಗಳಲ್ಲಿ ಹಿಡಿಸುತ್ತದೆ: ಮೊದಲ ಮೂಲೆಯನ್ನು ಕೊನೆಯಲ್ಲಿ ಮತ್ತೆ ಬರೆಯುವುದರಿಂದ ಐದು ಬಿಂದು, ಬಿಂದುವಿಗೆ 16ರಂತೆ 80, ಇದು ಬಹುಭುಜ, ಇದಕ್ಕೆ ಒಂದೇ ಸುತ್ತು, ಸುತ್ತಿನಲ್ಲಿ ಐದು ಬಿಂದು ಎಂಬ ತಲೆಬರಹಕ್ಕೆ 13. ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಮೂರು ಬೈಟು ಬೇಕಾಗುವುದರಿಂದ, ಹೊಲಕ್ಕಿಂತ ಅದರ ಒಡೆಯರ ಹೆಸರು ವಿಳಾಸಗಳೇ ಹೆಚ್ಚು ಜಾಗ ಹಿಡಿಯುತ್ತವೆ.

ನಮ್ಮ ಹಿರಿಯರು ಕಾಗದದ ಮೇಲೆ ಮಾಡಿಟ್ಟದ್ದನ್ನು ಇಲ್ಲಿ ನೆನೆಯಬೇಕು. ಕ್ರಯಪತ್ರದಲ್ಲಿ ಚಕ್ಕುಬಂದಿ ಬರೆಯುತ್ತಿದ್ದರು: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿದಾರಿ, ಉತ್ತರಕ್ಕೆ ಕೆರೆ, ದಕ್ಷಿಣಕ್ಕೆ ಅಣ್ಣನ ಹಿಸ್ಸೆ. ಅದರಲ್ಲಿ ಒಂದೂ ಅಳತೆಯಿಲ್ಲ. ಯಾರು ಯಾರಿಗೆ ತಾಗಿಕೊಂಡಿದ್ದಾರೆ ಎಂಬುದಷ್ಟೇ ಇದೆ. ಟಿಪ್ಪಣಿಯಲ್ಲಿ ಅಳತೆಯಿದೆ, ನೆರೆಯವರ ಹೆಸರಿಗೆ ಅಲ್ಲಿ ಮಹತ್ವವಿಲ್ಲ. ಒಂದು ಸಂಬಂಧವನ್ನು ಹೇಳುತ್ತದೆ, ಇನ್ನೊಂದು ಆಕಾರವನ್ನು. ಎರಡಕ್ಕೂ ತಾಳೆ ಬೀಳದಿದ್ದಾಗಲೇ ಜನ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದದ್ದು. ಡೇಟಾಬೇಸಿನಲ್ಲಿಯೂ ಈ ಎರಡು ಬೇರೆ ಬೇರೆಯೇ, ಮತ್ತು ಒಂದನ್ನು ಇಟ್ಟುಕೊಂಡರೆ ಇನ್ನೊಂದು ತಾನಾಗಿ ಸರಿಯಾಗಿಬಿಡುತ್ತದೆ ಎಂದು ನಂಬುವುದು ಅಲ್ಲಿಯೂ ತಪ್ಪೇ.

ವರದಿಯಲ್ಲಿ ಹೇಳದೆ ಬಿಟ್ಟ ಇನ್ನೊಂದು ಸಂಗತಿ, ಆ ಅಂಕಿಗಳು ಯಾವ ಮಾನದಿಂದ ಎಣಿಸಿದವು ಎಂಬುದು. ಅಕ್ಷಾಂಶ ರೇಖಾಂಶಗಳನ್ನು ಭೂಮಿಯ ಮೇಲೆ ಯಾರೂ ಬರೆದಿಟ್ಟಿಲ್ಲ. ಭೂಮಿಯ ಆಕಾರ ಹೀಗಿದೆ, ಎಣಿಕೆ ಇಲ್ಲಿಂದ ಶುರು ಎಂದು ಒಪ್ಪಿಕೊಂಡ ಮೇಲಷ್ಟೇ ಅವು ಹುಟ್ಟುತ್ತವೆ. ಭಾರತದ ಹಳೆಯ ಸರ್ವೆ ನಕ್ಷೆಗಳು 1830ರ ಎವರೆಸ್ಟ್ ಗೋಳಾಕೃತಿಯನ್ನು ಆಧರಿಸಿದವು. ಮೊಬೈಲ್ ಫೋನಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಎಂಬ ಮಾನದಲ್ಲಿ ಮಾತಾಡುತ್ತದೆ. ಒಂದೇ ಕಲ್ಲಿಗೆ ಎರಡು ಮಾನಗಳು ಕೊಡುವ ಸಂಖ್ಯೆಗಳನ್ನು ಪರಿವರ್ತಿಸದೆ ಒಂದರ ಮೇಲೊಂದು ಇಟ್ಟರೆ ನಮ್ಮ ಭಾಗದಲ್ಲಿ ಕಲ್ಲು ನೂರು ಮೀಟರಿಗಿಂತಲೂ ಹೆಚ್ಚು ಸರಿದುಹೋಗುತ್ತದೆ. ಅದಕ್ಕಾಗಿಯೇ ಡೇಟಾಬೇಸಿನಲ್ಲಿ ಪ್ರತಿಯೊಂದು ಆಕೃತಿಯ ತಲೆಯ ಮೇಲೂ ಅದರ ಮಾನ ಯಾವುದೆಂದು ಹೇಳುವ ಸಂಕೇತಸಂಖ್ಯೆಯೊಂದನ್ನು ಅಂಟಿಸಿರುತ್ತಾರೆ. ಡಬ್ಲ್ಯುಜಿಎಸ್ 84ರ ಅಕ್ಷಾಂಶ ರೇಖಾಂಶಗಳಿಗೆ ಆ ಸಂಕೇತ 4326. ಈ ಕೆಲಸದಲ್ಲಿರುವವರಿಗೆ ಅದು ಮನೆಯ ಬಾಗಿಲ ನಂಬರಿನಷ್ಟು ಬಾಯಿಪಾಠ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ವಿಶೇಷವಾದ ತೊಡಕೊಂದಿದೆ. ಡಿಗ್ರಿಯಲ್ಲಿ ವಿಸ್ತೀರ್ಣ ಎಣಿಸಲು ಬಾರದು. ಎಕರೆ ಗುಂಟೆ ಬೇಕಾದರೆ ದುಂಡಗಿನ ನೆಲವನ್ನು ಮಟ್ಟಸ ಕಾಗದದ ಮೇಲೆ ಹಾಸಿ ಮೀಟರಿಗೆ ತರಬೇಕು. ಇದಕ್ಕೆ ಬಳಕೆಯಲ್ಲಿರುವ ಯುಟಿಎಂ ಎಂಬ ಪದ್ಧತಿಯಲ್ಲಿ ಭೂಮಿಯನ್ನು ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಸೀಳುತ್ತಾರೆ. ಪೂರ್ವ ರೇಖಾಂಶ 72ರಿಂದ 78ರ ವರೆಗಿನದು 43ನೆಯ ಪಟ್ಟಿ, 78ರಿಂದ 84ರ ವರೆಗಿನದು 44ನೆಯದು. ಕರ್ನಾಟಕದ ಬಹುಭಾಗ 43ರಲ್ಲಿದೆ. 78ನೆಯ ರೇಖೆ ಮಾತ್ರ ಮಾಲೂರಿಗೂ ಕೋಲಾರಕ್ಕೂ ನಡುವೆ ಹಾದುಹೋಗುವುದರಿಂದ ಮಾಲೂರು ಒಂದು ಪಟ್ಟಿಯಲ್ಲೂ ಕೋಲಾರ, ಮುಳಬಾಗಿಲು, ಕೆಜಿಎಫ್‌ಗಳು ಇನ್ನೊಂದರಲ್ಲೂ ಬೀಳುತ್ತವೆ. 44ರಲ್ಲಿ ಬರೆದ ಕೋಲಾರದ ಹೊಲಕ್ಕೆ ತಪ್ಪಿ 43 ಎಂದು ಹಣೆಪಟ್ಟಿ ಹಚ್ಚಿದರೆ ಹೊಲ ಸುಮಾರು 650 ಕಿಲೋಮೀಟರ್ ಪಡುವಣಕ್ಕೆ ಹಾರಿ ಅರಬ್ಬಿ ಸಮುದ್ರದಲ್ಲಿ ಬೀಳುತ್ತದೆ. ಇಂಥ ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳಬಹುದು. ಕಣ್ಣಿಗೆ ಬೀಳದ್ದು ಬೇರೆ. ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಇರಲೆಂದು ಎಲ್ಲವನ್ನೂ 43ರಲ್ಲಿ ಹಾಸಿದರೆ, ಪಟ್ಟಿಯ ನಡುರೇಖೆಯಿಂದ ಮೂರು ಡಿಗ್ರಿ ದೂರದ ಅಂಚಿನಲ್ಲಿ ಉದ್ದವು ಕಿಲೋಮೀಟರಿಗೆ ಸುಮಾರು 90 ಸೆಂಟಿಮೀಟರಿನಷ್ಟು ಹಿಗ್ಗುತ್ತದೆ, ವಿಸ್ತೀರ್ಣವು ಎಕರೆಗೆ ಸುಮಾರು 80 ಚದರ ಅಡಿಯಷ್ಟು. ರಾಗಿ ಬೆಳೆಯುವವರಿಗೆ ಇದು ಏನೂ ಅಲ್ಲ. ಹೆದ್ದಾರಿಯ ಪಕ್ಕದ ನಿವೇಶನವನ್ನು ಚದರ ಅಡಿಯ ಲೆಕ್ಕದಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಏನೂ ಅಲ್ಲವೆಂದು ಹೇಳಲಾರೆ.

ಮಾನದ ಜೊತೆಗೆ ಕ್ರಮವೂ ಒಂದು ಸಂಕಟ. ನಾವು ಮಾತಿನಲ್ಲಿ ಅಕ್ಷಾಂಶ ರೇಖಾಂಶ ಎನ್ನುತ್ತೇವೆ. ಬಹಳಷ್ಟು ಡೇಟಾಬೇಸುಗಳು, ಗಣಿತದ ಎಕ್ಸ್, ವೈ ಕ್ರಮವನ್ನು ಅನುಸರಿಸಿ, ರೇಖಾಂಶವನ್ನು ಮೊದಲು ಕೇಳುತ್ತವೆ. ಹಿಂದೊಮ್ಮೆ ಕೆಲವು ಗೆಳೆಯರು ಸೇರಿ ನಮ್ಮ ಸುತ್ತಿನ ಕೆರೆಗಳ ಪಟ್ಟಿ ಮಾಡಿದಾಗ, ಅಂಕಿಗಳನ್ನು ಡೇಟಾಬೇಸಿಗೆ ತುಂಬುವ ಹೊಣೆ ನನ್ನದಾಗಿತ್ತು. ಬೆಳಿಗ್ಗೆ ನಕ್ಷೆ ತೆರೆದರೆ ಕೋಲಾರದಲ್ಲಿ ಒಂದು ಕೆರೆಯೂ ಇಲ್ಲ. ಎಲ್ಲವೂ ಉತ್ತರಧ್ರುವದ ಕಡೆ, ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಕಡಲಿನಲ್ಲಿ ಒಟ್ಟಾಗಿ ತೇಲುತ್ತಿದ್ದವು. 13 ಡಿಗ್ರಿ ಉತ್ತರ, 78 ಡಿಗ್ರಿ ಪೂರ್ವ ಆಗಬೇಕಾದದ್ದು 78 ಡಿಗ್ರಿ ಉತ್ತರ, 13 ಡಿಗ್ರಿ ಪೂರ್ವ ಆಗಿತ್ತು. ಬರದ ಜಿಲ್ಲೆಯ ಕೆರೆಗಳಿಗೆ ಅಂತೂ ನೀರು ಸಿಕ್ಕಿತು ಎಂದು ಗೆಳೆಯರು ನಕ್ಕರು.

ಇಟ್ಟದ್ದನ್ನು ಹುಡುಕುವ ಬಗೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಬಹುದು, ಸರ್ವೆ ನಂಬರುಗಳನ್ನು ಏರಿಕೆಯಲ್ಲಿ ಜೋಡಿಸಬಹುದು. ಹೊಲಗಳನ್ನು ಹಾಗೆ ಒಂದೇ ಸಾಲಿನಲ್ಲಿ ನಿಲ್ಲಿಸಲಾಗದು. 41ರ ಪಕ್ಕ 42 ಇದೆ, ನಿಜ. ಆದರೆ ಇನ್ನೊಂದು ಮಗ್ಗುಲಲ್ಲಿ 118 ಇದ್ದೀತು. 1984ರಲ್ಲಿ ಆಂಟೊನಿನ್ ಗುಟ್‌ಮನ್ ಆರ್-ಟ್ರೀ ಎಂಬ ಉಪಾಯವನ್ನು ಮುಂದಿಟ್ಟರು. ಪ್ರತಿಯೊಂದು ಆಕೃತಿಯ ಸುತ್ತ ಅದು ಹಿಡಿಸುವಷ್ಟೇ ದೊಡ್ಡದಾದ ಆಯತದ ಚೌಕಟ್ಟು ಹಾಕುವುದು, ಹತ್ತಿರದ ಚೌಕಟ್ಟುಗಳನ್ನು ಕೂಡಿಸಿ ದೊಡ್ಡ ಚೌಕಟ್ಟಿನೊಳಗೆ ಸೇರಿಸುವುದು, ಅಂಥವನ್ನು ಇನ್ನೂ ದೊಡ್ಡದರೊಳಗೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹೋಬಳಿಯ ಬೀರು, ಅದರೊಳಗೆ ಗ್ರಾಮದ ಗಂಟು, ಗಂಟಿನೊಳಗೆ ಹಾಳೆ ಎಂದು ಹುಡುಕಿದ ಹಾಗೆ. ಒಂದು ವ್ಯತ್ಯಾಸವಿದೆ: ಹೋಬಳಿಗಳು ಒಂದರೊಳಗೊಂದು ನುಗ್ಗುವುದಿಲ್ಲ, ಈ ಚೌಕಟ್ಟುಗಳು ನುಗ್ಗುತ್ತವೆ. ಆದ್ದರಿಂದ ಚೌಕಟ್ಟು ಕೊಡುವುದು ಅನುಮಾನಿತರ ಪಟ್ಟಿಯನ್ನು ಮಾತ್ರ; ನಿಜವಾದ ಆಕೃತಿಗಳನ್ನು ಒಂದೊಂದಾಗಿ ಹೋಲಿಸಿ ತೀರ್ಮಾನಿಸುವುದು ಎರಡನೆಯ ಹಂತದಲ್ಲಿ. ಪಾಲಾರ್ ನದಿಯಂತೆ ಉದ್ದಕ್ಕೆ, ಓರೆಯಾಗಿ, ಬಳುಕುತ್ತಾ ಹರಿಯುವ ಗೆರೆಯೊಂದರ ಚೌಕಟ್ಟಿನಲ್ಲಿ ಅದು ಎಂದೂ ಮುಟ್ಟದ ಎಷ್ಟೋ ಕೆರೆಗಳು ಬಂದು ಕೂರುತ್ತವೆ. ಮೊದಲ ಹಂತದ ಪಟ್ಟಿಯನ್ನೇ ಕೊನೆಯ ಉತ್ತರವೆಂದು ಮುದ್ರಿಸಿಕೊಟ್ಟ ಪ್ರಸಂಗವನ್ನು ನಾನು ಕಂಡಿದ್ದೇನೆ. ಆ ಪಟ್ಟಿಯಲ್ಲಿ ಕಾಲುವೆಯಿಂದ ಮೂರು ಊರು ಆಚೆಯಿದ್ದ ಹೊಲದವರಿಗೂ ಒತ್ತುವರಿಯ ಅಪವಾದ ಬಂದಿತ್ತು.

ಎರಡನೆಯ ಹಂತದ ಪ್ರಶ್ನೆಗಳ ಸ್ವರೂಪ ಇನ್ನೂ ಸೂಕ್ಷ್ಮವಾದದ್ದು, ತಮ್ಮ ವರದಿಯ ತಕರಾರಿಗೆ ನೇರವಾಗಿ ಸಂಬಂಧಿಸಿದ್ದು. ಹೊಲದ ಬದುವಿನ ಮೇಲೆ ಒಂದು ಹುಣಸೆಮರವಿದೆ ಎಂದುಕೊಳ್ಳೋಣ. ಮರ ಯಾರ ಹೊಲದ ಒಳಗಿದೆ? ಊರಿನಲ್ಲಿ ಇದಕ್ಕೆ ಎರಡು ತಲೆಮಾರು ಜಗಳ ನಡೆದೀತು. ಡೇಟಾಬೇಸು ಪ್ರತಿ ಆಕೃತಿಗೂ ಒಳಗು, ಅಂಚು, ಹೊರಗು ಎಂಬ ಮೂರು ಭಾಗಗಳನ್ನು ಕಲ್ಪಿಸಿಕೊಂಡು, ಒಂದರ ಮೂರು ಭಾಗಗಳನ್ನು ಇನ್ನೊಂದರ ಮೂರು ಭಾಗಗಳ ಜೊತೆ ತಾಳೆ ನೋಡಿ, ಒಂಬತ್ತು ಮನೆಯ ಕೋಷ್ಟಕದಲ್ಲಿ ಉತ್ತರ ಹೇಳುತ್ತದೆ. ಮರ ಸರಿಯಾಗಿ ಗೆರೆಯ ಮೇಲಿದ್ದರೆ, 'ಕಂಟೇನ್ಸ್', ಅಂದರೆ ನಿನ್ನ ಒಳಗಿದೆಯೇ, ಎಂಬ ಪ್ರಶ್ನೆಗೆ ಎರಡೂ ಹೊಲಗಳು ಇಲ್ಲವೆನ್ನುತ್ತವೆ. 'ಟಚಸ್', ಅಂಚಿಗೆ ತಾಗಿದೆಯೇ, ಎಂದು ಕೇಳಿದರೆ ಎರಡೂ ಹೌದೆನ್ನುತ್ತವೆ. 'ಕವರ್ಸ್', ಅಂಚೂ ಸೇರಿದಂತೆ ನಿನ್ನಲ್ಲಿದೆಯೇ, ಎಂದರೂ ಎರಡೂ ಹೌದೇ. ಮರವೂ ಅದೇ, ಬದುವೂ ಅದೇ, ಅಂಕಿಗಳೂ ಅವೇ. ಉತ್ತರ ಬದಲಾದದ್ದು ಪ್ರಶ್ನೆಯ ಪದದಿಂದ. ಹೀಗಿರುವಾಗ ಕಂಪ್ಯೂಟರು ಒತ್ತುವರಿ ಎಂದಿತು ಎಂಬ ವಾಕ್ಯ ಅರ್ಧ ಮಾತು. ಯಾವ ಪ್ರಶ್ನೆಗೆ ಹಾಗೆಂದಿತು ಎಂಬ ಇನ್ನರ್ಧ ವರದಿಯಲ್ಲಿ ಬರಬೇಕಿತ್ತು.

ದೂರದ ಪ್ರಶ್ನೆಯೂ ಹೀಗೆಯೇ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಜಾಗ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿದ್ದೂ, 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಪಡಿಸಿದ್ದರಿಂದ ಮಾಸ್ಟರ್ ಪ್ಲಾನಿನ 30 ಮೀಟರು ಮತ್ತೆ ಊರ್ಜಿತವಾದದ್ದೂ ಓದುಗರಿಗೆ ನೆನಪಿರಬಹುದು. 75ರ ಜಾಗದಲ್ಲಿ 30 ಬರೆದರೆ ಡೇಟಾಬೇಸಿನಲ್ಲಿ ಬದಲಾಗುವುದು ಒಂದೇ ಸಂಖ್ಯೆ; ನೆಲದ ಮೇಲೆ ಎಷ್ಟೋ ಮನೆಗಳು ಗೆರೆಯ ಈಚೆಗೋ ಆಚೆಗೋ ಸರಿಯುತ್ತವೆ. ಆದರೆ 30 ಎಂದರೆ ಎಷ್ಟು? ಆಕೃತಿಯ ಮಾನ ಡಿಗ್ರಿಯಲ್ಲಿದ್ದರೆ, 30 ಎಂದು ಬರೆದದ್ದನ್ನು ಯಂತ್ರ 30 ಡಿಗ್ರಿ ಎಂದೇ ತಿಳಿಯುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹೀಗೊಮ್ಮೆ ಕೇಳಿ, ಟೇಬಲ್ಲಿನಲ್ಲಿದ್ದ ಅಷ್ಟೂ ಸಾಲುಗಳು ಹೊರಬಂದಾಗ ಬೆಪ್ಪಾಗಿದ್ದೆ. ಕೋಲಾರದ ಕೆರೆಯಿಂದ 30 ಡಿಗ್ರಿ ಎಂದರೆ ಪಡುವಣಕ್ಕೆ ಮಸ್ಕತ್, ಮೂಡಣಕ್ಕೆ ಬ್ಯಾಂಕಾಕ್, ಬಡಗಿಗೆ ದೆಹಲಿ ಎಲ್ಲವೂ ಕೆರೆಯ ಮೀಸಲು ಜಾಗವೇ. ಭೂಮಿಯ ದುಂಡನ್ನು ಲೆಕ್ಕಕ್ಕೆ ತೆಗೆದುಕೊಂಡು ಮೀಟರಿನಲ್ಲಿ ಉತ್ತರ ಕೊಡುವ ಜಿಯಾಗ್ರಫಿ ಎಂಬ ಇನ್ನೊಂದು ಬಗೆಯ ಕಾಲಂ ಪೋಸ್ಟ್‌ಜಿಐಎಸ್‌ನಲ್ಲಿದೆ, ತುಸು ನಿಧಾನ. ಅದಕ್ಕಿಂತ ಮೂಲಭೂತವಾದ ಪ್ರಶ್ನೆ, 30 ಮೀಟರನ್ನು ಎಲ್ಲಿಂದ ಎಣಿಸುವುದು ಎಂಬುದು: ಇಂದು ನೀರು ನಿಂತ ಅಂಚಿನಿಂದಲೋ, ಕೋಡಿ ಬಿದ್ದಾಗಿನ ಅಂಚಿನಿಂದಲೋ, ಗ್ರಾಮನಕ್ಷೆಯ ಗೆರೆಯಿಂದಲೋ? ಮೂರೂ ಮೂರು ಬಹುಭುಜಗಳು. ಯಾವುದನ್ನು ಎತ್ತಿಕೊಳ್ಳಬೇಕೆಂದು ಹೇಳಬೇಕಾದವರು ಮನುಷ್ಯರು.

ಅಂಕಿಗಳನ್ನು ತುಂಬುವಾಗ ಆಗುವ ತಪ್ಪುಗಳಲ್ಲಿ ಎರಡನ್ನು ಹೇಳಿ ಮುಂದೆ ಹೋಗುತ್ತೇನೆ. ನಾಲ್ಕು ಮೂಲೆಗಳನ್ನು ಸುತ್ತುವ ಕ್ರಮದಲ್ಲಿ ಬರೆಯದೆ ಅಡ್ಡಾದಿಡ್ಡಿ ಬರೆದರೆ ಗೆರೆಗಳು ನಡುವೆ ಒಂದನ್ನೊಂದು ಕತ್ತರಿಸಿ ಹೊಲ ಡಮರುಗದ ಆಕಾರಕ್ಕೆ ಬರುತ್ತದೆ. ಒಂದು ಗುಂಟೆಯ ಚೌಕವನ್ನು ಹೀಗೆ ಬರೆದು ಲೆಕ್ಕ ಹಾಕಿಸಿದರೆ ಡಮರುಗದ ಒಂದು ಮಗ್ಗುಲು ಇನ್ನೊಂದನ್ನು ವಜಾ ಮಾಡಿ ವಿಸ್ತೀರ್ಣ ಸೊನ್ನೆ ಬರುತ್ತದೆ! ಆಕೃತಿ ಸಿಂಧುವೋ ಅಲ್ಲವೋ ಎಂದು ಪರೀಕ್ಷಿಸುವ ಸೌಲಭ್ಯ ಇಂಥ ಹೆಚ್ಚಿನ ಡೇಟಾಬೇಸುಗಳಲ್ಲಿ ಇದೆ. ಪರೀಕ್ಷಿಸು ಎಂದು ಹೇಳಬೇಕಷ್ಟೆ. ಎರಡನೆಯದು ಹೆಚ್ಚು ಕುಟಿಲವಾದದ್ದು. ಅಕ್ಕಪಕ್ಕದ ಎರಡು ಹೊಲಗಳನ್ನು ಬೇರೆ ಬೇರೆಯಾಗಿ ಬರೆದಾಗ, ಇಬ್ಬರಿಗೂ ಸಮಾನವಾದ ಬದು ಎರಡು ಸಲ, ಎರಡು ಕೈಯಿಂದ, ತುಸು ಬೇರೆ ಬೇರೆಯಾಗಿ ಬೀಳುತ್ತದೆ. ನಡುವೆ ಸೀಳಿನಂಥ ತುಣುಕುಗಳು ಹುಟ್ಟುತ್ತವೆ: ಕೆಲವು ಇಬ್ಬರಿಗೂ ಸೇರಿದವು, ಕೆಲವು ಯಾರಿಗೂ ಸೇರದವು. ಇದನ್ನು ತಡೆಯಲು ಬದುವನ್ನು ಒಂದೇ ಸಲ ಬರೆದು, ಇದರ ಎಡಕ್ಕೆ 42, ಬಲಕ್ಕೆ 43 ಎಂದು ನಮೂದಿಸುವ ಟೊಪಾಲಜಿ ಎಂಬ ವಿಧಾನವಿದೆ. ನಮ್ಮ ಚಕ್ಕುಬಂದಿಗೂ ಅದಕ್ಕೂ ಹೆಚ್ಚು ದೂರವಿಲ್ಲ.

ಈಗ ಮತ್ತೆ ಗಡಿಕಲ್ಲಿನ ಮಾತು. ಹಳೆಯ ಗ್ರಾಮನಕ್ಷೆಗಳು ಸಾಮಾನ್ಯವಾಗಿ 1:7920ರ ಪ್ರಮಾಣದವು, ಮೈಲಿಗೆ ಎಂಟು ಅಂಗುಲ. ಆ ನಕ್ಷೆಯ ಮೇಲೆ ಅರ್ಧ ಮಿಲಿಮೀಟರು ದಪ್ಪದ ಶಾಯಿಯ ಗೆರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರು ಅಗಲ. ಗೆರೆಯ ಯಾವ ಬದಿಯನ್ನು ಹಿಡಿದು ಮೌಸನ್ನು ಒತ್ತಿದರೋ ಅದರ ಮೇಲೆ ಹೊಲದ ಅಂಚು ನಿಂತಿರುತ್ತದೆ. ಕಾಗದ ಮಡಿಸಿ, ಸವೆದು, ಹಿಗ್ಗಿ ಕುಗ್ಗಿದ್ದು ಬೇರೆ. ಇತ್ತ ನಮ್ಮ ಕೈಯಲ್ಲಿರುವ ಮೊಬೈಲ್ ಫೋನಿಗೆ ಬಯಲಿನಲ್ಲಿ ಸಹ ಸುಮಾರು ಐದು ಮೀಟರಿನ ತಪ್ಪು ಸಹಜ, ಮರದಡಿಯಲ್ಲಿ ಇನ್ನೂ ಹೆಚ್ಚು. ನಿಂತ ಜಾಗ ಯಾವ ಸರ್ವೆ ನಂಬರಿನದು ಎಂದು ತೋರಿಸುವ ದಿಶಾಂಕ್ ಆ್ಯಪ್ ಮಾಡುವುದೂ ಇದೇ ಲೆಕ್ಕವನ್ನು: ಫೋನು ಕೊಟ್ಟ ಬಿಂದು ಯಾವ ಬಹುಭುಜದೊಳಗೆ ಬಿತ್ತು ಎಂದು. ಹೊಲದ ನಡುವೆ ನಿಂತು ಕೇಳಿದರೆ ಅದು ಬಲು ಉಪಕಾರಿ, ಹಿಂದೆ ದಿನವಿಡೀ ಅಲೆದು ತಿಳಿಯಬೇಕಾದದ್ದು ಕ್ಷಣದಲ್ಲಿ ತಿಳಿಯುತ್ತದೆ. ಬದುವಿನ ಮೇಲೆ ನಿಂತು ಕೇಳಬಾರದು. ಗುಂಟೆಯ ಒಂದು ಮಗ್ಗುಲು ಹತ್ತು ಮೀಟರು. ಗೆರೆಯಲ್ಲಿ ನಾಲ್ಕು ಮೀಟರು, ಫೋನಿನಲ್ಲಿ ಐದು ಮೀಟರು ಸಂದೇಹವಿಟ್ಟುಕೊಂಡು ಅರ್ಧ ಗುಂಟೆಯ ಒತ್ತುವರಿಯನ್ನು ತೀರ್ಮಾನಿಸುವುದು ಸಾಧ್ಯವಿಲ್ಲ, ಅಂಕಿ ಹತ್ತಿರಲಿ ಹನ್ನೆರಡಿರಲಿ. ಜಿಪಿಎಸ್‌ನ ತಪ್ಪನ್ನು ತಿದ್ದಿಕೊಡುವ ಸ್ಥಿರ ಕೇಂದ್ರಗಳ ಜಾಲವಾದ ಸರ್ವೆ ಆಫ್ ಇಂಡಿಯಾದ ಕೋರ್ಸ್‌ಗೆ ಜೋಡಿಸಿದ, ಹೊಲಕ್ಕೆ ಒಯ್ದು ಅಳೆಯುವ ರೋವರ್ ಯಂತ್ರದಿಂದ ಅಳೆದರೆ ಕೆಲವು ಸೆಂಟಿಮೀಟರಿನ ನಿಖರತೆ ಸಿಗುತ್ತದೆ ಎಂಬುದು ಸಂತೋಷದ ಸಂಗತಿ. ಆದರೆ ರೋವರ್ ಹೇಳುವುದು ಕಲ್ಲು ಈಗ ಎಲ್ಲಿದೆ ಎಂಬುದನ್ನು. ರಾತ್ರಿ ಯಾರಾದರೂ ಕಲ್ಲನ್ನು ಸರಿಸಿದ್ದರೆ, ಸರಿಸಿದ ಜಾಗವನ್ನೇ ಸೆಂಟಿಮೀಟರು ತಪ್ಪದೆ ಹೇಳುತ್ತದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಗ್ರಾಮನಕ್ಷೆಗಳನ್ನು ಡೇಟಾಬೇಸಿಗೆ ತರುವಾಗ ಪ್ರತಿಯೊಂದು ಗೆರೆಯ ಪಕ್ಕದಲ್ಲಿಯೂ ಅದು ಟಿಪ್ಪಣಿಯಿಂದ ಬಂದದ್ದೋ, ಗ್ರಾಮನಕ್ಷೆಯ ಸ್ಕ್ಯಾನಿನಿಂದಲೋ, ರೋವರಿನಿಂದಲೋ, ಯಾವ ವರ್ಷದ್ದು, ಯಾವ ಮಾನದ್ದು, ಎಷ್ಟು ಮೀಟರು ಆಚೀಚೆ ಇರಬಹುದು ಎಂಬುದನ್ನು ಬರೆದಿಡುವುದು ಕಡ್ಡಾಯವಾಗಬೇಕು. ನಾಲ್ಕು ಕಾಲಂ ಹೆಚ್ಚಾದೀತು. ಒಂದು ಹೊಲದ ಆಕೃತಿ 93 ಬೈಟಿನಲ್ಲಿ ಹಿಡಿಸುವಾಗ ಅದರ ಹುಟ್ಟಿನ ವಿವರಕ್ಕೆ ಇನ್ನೊಂದು 93 ಬೈಟು ಭಾರವಾಗದು. ಸಾರ್ವಜನಿಕರಿಗೆ ಕೊಡುವ ನಕಲಿನಲ್ಲಿಯೂ ಇದು ಕಾಣಬೇಕು, ಮತ್ತು ಆ ನಕಲು ಪಿಡಿಎಫ್ ಚಿತ್ರವಾಗಿರದೆ, ಬೇರೆಯವರೂ ತಮ್ಮ ಪ್ರಶ್ನೆಗಳನ್ನು ಕೇಳಿ ತಾಳೆ ನೋಡಬಹುದಾದ ಆಕೃತಿಯಾಗಿರಬೇಕು. ಒತ್ತುವರಿಯ ನೋಟಿಸಿನಲ್ಲಿ ಒಳಗೆ, ಹೊರಗೆ ಎಂಬ ಒಂದು ಪದ ಸಾಲದು. ಗೋಡೆ ಗೆರೆಯಿಂದ 2 ಮೀಟರು ಒಳಗಿದೆ, ಗೆರೆಯ ಸಂದೇಹದ ಮಿತಿ 4 ಮೀಟರು ಎಂದು ಬರೆದರೆ, ಓದಿದ ಯಾವ ಅಧಿಕಾರಿಯೂ ಜೆಸಿಬಿಗಿಂತ ಮೊದಲು ಸರ್ವೆಯರನ್ನು ಕಳುಹಿಸುತ್ತಾರೆ. ಮಿತಿ 4 ಮೀಟರಿದ್ದು ಗೋಡೆ 40 ಮೀಟರು ಒಳಗಿದ್ದರೆ, ಅಲ್ಲಿ ಕೆರೆ ನುಂಗಿದವರು ತಾಂತ್ರಿಕ ಸಂದೇಹದ ಹಿಂದೆ ಅಡಗಲೂ ಆಗದು.

ಕೊನೆಯದಾಗಿ ತಮ್ಮ ಪತ್ರಿಕೆಯ ತಿದ್ದುಪಡಿಯ ಅಂಕಣಕ್ಕೆ ಸೇರಬೇಕಾದ ವಿಷಯ. ಆ ನಕ್ಷೆಯ ಕೆಳಗಿನ ಎರಡೂ ಸಂಖ್ಯೆಗಳಲ್ಲಿ ದಶಮಾಂಶದ ಐದು ಅಂಕಿಗಳನ್ನು ಉಳಿಸಿಕೊಂಡು ಮಿಕ್ಕ ಐದನ್ನು ಬಿಟ್ಟರೆ ಯಾವ ನಷ್ಟವೂ ಇಲ್ಲ. ಯಾವ ಮಾನದ ಸಂಖ್ಯೆಗಳೆಂಬುದನ್ನು ವರದಿಗಾರರಿಂದ ಕೇಳಿ ಪಕ್ಕದಲ್ಲಿ ಸೇರಿಸಬೇಕು. ಹಾಗೆಯೇ 13ರಿಂದ ಶುರುವಾಗುವುದು ಅಕ್ಷಾಂಶ, 78ರಿಂದ ಶುರುವಾಗುವುದು ರೇಖಾಂಶ. ತಮ್ಮಲ್ಲಿ ಹೆಸರುಗಳು ಅದಲುಬದಲಾಗಿ, ಗಡಿಕಲ್ಲು ನನ್ನ ಕೆರೆಗಳಿದ್ದ ಕಡಲಿಗೇ ಹೋಗಿ ಸೇರಿದೆ.

ಇತಿ,
ತಮ್ಮ ಓದುಗ,
ಕೋಲಾರ